ಹೊಸ ಪ್ಯಾಡಿನಡಿಯ ಮೇಣ

ನಾನು ಅರಸೀಕೆರೆ ಜಂಕ್ಷನ್ನಿನ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕ್ಲಾರಿಯೋನೆಟ್ ಊದಿದರೆ, ಕಡೂರು ಕಡೆಯಿಂದ ಬರುವ ಗೂಡ್ಸ್ ಗಾಡಿ ಬಾಣಾವರದಲ್ಲೇ ನಿಂತುಬಿಡುತ್ತದೆ. ಡ್ರೈವರ್ ಕೆಳಗಿಳಿದು, ಚಪ್ಪಲಿ ಬಿಟ್ಟು, ರಾಗ ಮುಗಿಯುವ ತನಕ ಕೈಕಟ್ಟಿ ಕಾಯುತ್ತಾನೆ. ಒಮ್ಮೆ ಕಲ್ಯಾಣಿ ಸ್ವಲ್ಪ ಉದ್ದವಾಯಿತೆಂದು ಹುಬ್ಬಳ್ಳಿಯವರೆಗೂ ಗಾಡಿಗಳು ಸಾಲುಗಟ್ಟಿದ್ದವು.

ಈ ಮಾತನ್ನು ಧರ್ಮೇಶನ ಮುಂದೆ ಆಡಿದ್ದೇ ಎಡವಟ್ಟಾಯಿತು.

“ರೈಲು ನಿಲ್ಸೋನು ಬೇಲೂರಿಗೆ ಬಸ್ಸಲ್ಲಿ ಜೋತಾಡ್ಕಂಡು ಯಾಕ್ಲಾ ಬಂದೆ?” ಎಂದ. ಅವನ ಕೈಯಲ್ಲಿ ಷಟರ್ ಎಳೆಯುವ ಕಬ್ಬಿಣದ ಕೊಕ್ಕೆಯಿತ್ತು. ಕೊಕ್ಕೆಯ ತುದಿ ನನ್ನ ಮೊಣಕಾಲನ್ನೇ ನೋಡುತ್ತಿತ್ತು.

ಧರ್ಮೇಶನದು ದೇವಸ್ಥಾನದ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಹಳೇ ಸಾಮಾನಿನ ಅಂಗಡಿ. ಕಾಫಿ ತೋಟಗಳ ಬಂಗಲೆಗಳಲ್ಲಿ ಬೇಡವಾದದ್ದನ್ನು ತಂದು, ಶಿಲಾಬಾಲಿಕೆ ನೋಡಲು ಬಂದವರಿಗೆ ಮಾರುವುದು ಅವನ ಕಸುಬು. ಒಡೆದ ಗ್ರಾಮಫೋನು, ಹಿತ್ತಾಳೆಯ ದೀಪ, ನಿಂತುಹೋದ ಗೋಡೆ ಗಡಿಯಾರ. ಇವೆಲ್ಲದರ ನಡುವೆ ಗಾಜಿನ ಪೆಟ್ಟಿಗೆಯ ಮೇಲೆ, ಎಣ್ಣೆ ಕುಡಿದು ಮಿರಮಿರ ಮಿಂಚುತ್ತ ಮಲಗಿತ್ತು ಒಂದು ಕರಿಮರದ ಕ್ಲಾರಿಯೋನೆಟ್.

ಅದನ್ನು ಕಂಡದ್ದೇ ನನ್ನ ಎದೆ ಧಸಕ್ಕೆಂದಿತು. ಮಹಾ ಪತ್ತೇದಾರರಿಗೆ ಸುಳಿವು ಸಿಕ್ಕಾಗ ಹಾಗೇ ಆಗುತ್ತದೆ.

ನನ್ನ ಪಕ್ಕದಲ್ಲಿ ನಿಂತಿದ್ದ ಹಳೇಬೀಡಿನ ಹೇಮಾಶ್ರೀ ಅದರ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಅರಸೀಕೆರೆಯ ತೆಂಗಿನಕಾಯಿ ಮಂಡಿ ಮಹಾಂತೇಶ ತನ್ನ ತಾತನ ಕ್ಲಾರಿಯೋನೆಟ್ಟನ್ನು ಮಠಕ್ಕೆ ಒಪ್ಪಿಸಲು ಪೆಟ್ಟಿಗೆ ತೆರೆದಾಗ ಒಳಗಿದ್ದದ್ದು ನಕಲಿ. ಅಪ್ಪನ ನಂತರ ಮೊನ್ನೆ ಮೊನ್ನೆಯವರೆಗೂ ಅದನ್ನು ನುಡಿಸಿ ಹಿಂದಿರುಗಿಸಿದವಳು ಹೇಮಾಶ್ರೀ, ಆದ್ದರಿಂದ ಅವಳೇ ಕಳ್ಳಿ ಎಂದು ಊರು ತೀರ್ಪು ಕೊಟ್ಟಿತ್ತು. ಸಂಜೆಯೊಳಗೆ ಅಸಲಿ ಸಿಗದಿದ್ದರೆ ಅವಳ ಮೇಲೆ ಪೊಲೀಸ್ ದೂರು. ಬ್ಯಾಂಡ್ ಸೆಟ್ಟಿನವರು ಆಗಲೇ ಅವಳನ್ನು ಕರೆಯುವುದು ಬಿಟ್ಟಿದ್ದರು.

ಕಳ್ಳನನ್ನು ಹಿಡಿದುಕೊಡುತ್ತೇನೆಂದು ಎದೆ ತಟ್ಟಿದವನು ನಾನು, ಭೀಮರಾಜ್. ಅರಸೀಕೆರೆ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಊದುವ ವಾದ್ಯಗಳ ರಿಪೇರಿ ಅಂಗಡಿ. ಪತ್ತೇದಾರಿಕೆ ನನಗೆ ಹುಟ್ಟುತ್ತಲೇ ಬಂದದ್ದು. ನಾನು ಬೆಳಿಗ್ಗೆಯಿಂದ ಕಣಕಟ್ಟೆ ಕಡೆ ಹುಡುಕೋಣ, ಇಲ್ಲವೇ ಗಂಡಸಿ ಕಡೆ ಎಂದು ಬಗೆಬಗೆಯ ದಿಕ್ಕು ಹೇಳಿದ್ದೆ. ಹೇಮಾಶ್ರೀ ಕೇಳಲಿಲ್ಲ. ಧರ್ಮೇಶ ಮಾರಾಟಕ್ಕೆಂದು ಫೋನಿನಲ್ಲಿ ಹಾಕಿದ್ದ ಚಿತ್ರ ತೋರಿಸಿ, ನನ್ನನ್ನು ತಳ್ಳಿಕೊಂಡೇ ಬೇಲೂರು ಬಸ್ಸು ಹತ್ತಿಸಿದ್ದಳು.

“ಇದು ನಮ್ಮಪ್ಪ ನುಡಿಸ್ತಿದ್ದುದು,” ಎಂದಳು.

“ಅದ್ರ ಮೇಲೆ ನಿಮ್ಮಪ್ಪನ ಹೆಸ್ರು ಐತಾ?” ಧರ್ಮೇಶ ಕೊಕ್ಕೆಯನ್ನು ಗಾಜಿಗೆ ಟಣ್ಣನೆ ಬಡಿದ. “ಬಿಕ್ಕೋಡು ಹತ್ರದ ಬಂಗ್ಲೆ ಸಾಮಾನು ಇದು. ದೊರೆಗಳ ಕಾಲದ್ದು. ಕುರ್ಚಿ ಮೇಜು ಜೊತೇಲಿ ಎತ್ಕಂಡ್ ಬಂದಿದ್ದು. ಕೊಳ್ಳಂಗಿದ್ರೆ ಮಾತಾಡಿ, ಇಲ್ಲ ಅಂದ್ರೆ ಬಾಗ್ಲು ಅಲ್ಲೈತೆ.”

“ಕಂಪನಿ ಗುರುತು ಎಲ್ಲಿ?”

“ಸವೆದೋಗೈತೆ.”

“ಸವೆಸಿದ್ದು ನಮ್ಮಪ್ಪನ ಹೆಬ್ಬೆಟ್ಟು.”

“ನಿಮ್ಮಪ್ಪನ ಹೆಬ್ಬೆಟ್ಟನ್ನೇ ಕರ್ಕಂಡ್ ಬಾ ಹೋಗು, ಸಾಕ್ಷಿ ಹೇಳ್ಲಿ!”

ಅವಳಪ್ಪ ಹನುಮಂತಯ್ಯ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹೇಮಾಶ್ರೀಯ ಮೂಗಿನ ಹೊಳ್ಳೆ ಅರಳಿತು. ಇನ್ನು ಒಂದು ಗಳಿಗೆ ಬಿಟ್ಟಿದ್ದರೆ ಗ್ರಾಮಫೋನಿನ ಕಹಳೆ ಧರ್ಮೇಶನ ತಲೆಗೆ ಟೋಪಿಯಾಗುತ್ತಿತ್ತು.

ನಾನು ನಡುವೆ ಬಂದೆ. “ಧರ್ಮೇಶಪ್ಪ, ವಾದ್ಯ ಸುಳ್ಳು ಹೇಳಲ್ಲ. ಒಂದು ಬೀಡಿ ಕೊಡು.”

“ಊದೋಕೂ ನಂದೇ ಬೀಡಿನಾ?”

ಕೊಟ್ಟ, ಬೈದುಕೊಂಡೇ ಕೊಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಕ್ಲಾರಿಯೋನೆಟ್ಟಿನ ಮೈತುಂಬ ತೂತು. ಬೆರಳಿಗೆ ಎಟುಕದ ತೂತುಗಳಿಗೆ ಲೋಹದ ಸಣ್ಣ ಸಣ್ಣ ಮುಚ್ಚಳಗಳಿರುತ್ತವೆ. ಮುಚ್ಚಳದೊಳಗೆ ಉಣ್ಣೆಯ ಬಿಲ್ಲೆ, ಬಿಲ್ಲೆಗೆ ತೆಳ್ಳನೆಯ ತೊಗಲು, ಅದೇ ಪ್ಯಾಡು. ವರ್ಷಗಳು ಕಳೆದಂತೆ ಉಣ್ಣೆಯನ್ನು ಹುಳ ತಿನ್ನುತ್ತದೆ, ತೊಗಲು ಸೀಳುತ್ತದೆ, ಉಸಿರು ಸೋರಿ ವಾದ್ಯ ಗೂರಲು ಹಿಡಿದ ಮುದುಕನಂತೆ ಕೆಮ್ಮುತ್ತದೆ. ಹಳೆಯದನ್ನು ಕಿತ್ತು, ಅರಗು ಕಾಯಿಸಿ, ಹೊಸ ಪ್ಯಾಡನ್ನು ತೂತಿನ ಬಾಯಿಗೆ ಸರಿಯಾಗಿ ಕೂರಿಸಬೇಕು. ಕೂದಲೆಳೆಯಷ್ಟು ವಾಲಿದರೂ ಕೆಲಸ ಕೆಟ್ಟಿತು.

ಸೋರುತ್ತದೋ ಇಲ್ಲವೋ ನೋಡಲು ಪಟ್ಟಣದವರು ಏನೇನೋ ಲೈಟು ಬಿಡುತ್ತಾರಂತೆ. ನಮಗೆ ಬೀಡಿ ಸಾಕು. ಕೊಳವೆಯ ಕೆಳಬಾಯಿಗೆ ಬಟ್ಟೆ ತುರುಕಿ, ಬೆರಳುಗಳಿಂದ ತೂತು ಮುಚ್ಚಿ, ಮೇಲಿನಿಂದ ಹೊಗೆ ಊದಬೇಕು. ಎಲ್ಲಿ ಪ್ಯಾಡು ಸರಿಯಿಲ್ಲವೋ ಅಲ್ಲಿ ಹೊಗೆ ತಲೆ ಹಾಕುತ್ತದೆ.

ಊದಿದೆ. ಹಿಮಾಲಯದ ಮೇಲೆ ಮೋಡ ಕವಿಯುವಷ್ಟು ಹೊಗೆ ಊದಿದೆ. ಒಂದು ಎಳೆ ಹೊರಗೆ ಬರಲಿಲ್ಲ.

“ಆಹಾ!” ನನ್ನ ಬಾಯಿಂದ ತಾನಾಗಿ ಹೊರಟಿತು. “ನೋಡಮ್ಮಾ ಕೆಲ್ಸ ಅಂದ್ರೆ ಇದು! ಹೆಂಗ್ ಕೂತಿವೆ ನೋಡು ಪ್ಯಾಡು, ಕಮಲದ ಮೇಲೆ ಲಕ್ಷ್ಮೀ ಕೂತಂಗೆ! ಅರಗು ಒಂದು ಚೂರಾದ್ರೂ ಆಚೆ ಸೂಸಿದ್ಯಾ? ಇದನ್ನ ಮಾಡಿದ ಕೈಗೆ ಬಂಗಾರದ ಕಡಗ ಹಾಕ್ಬೇಕು. ಇಂಥೋನು ದಕ್ಷಿಣ ಭಾರತಕ್ಕೆ ಒಬ್ಬ. ಉತ್ತರ ಭಾರತದಲ್ಲಿ ಹುಟ್ಟೇ ಇಲ್ಲ!”

ಹೇಮಾಶ್ರೀ ವಾದ್ಯವನ್ನು ಬಿಟ್ಟು ನನ್ನನ್ನು ನೋಡಿದಳು.

“ಭೀಮಣ್ಣ, ಇನ್ನೊಬ್ರ ಕೆಲ್ಸಾನ ನೀವು ಹೊಗಳಿದ್ದು ನಾನು ಇವತ್ತೇ ಕೇಳ್ತಿರೋದು.”

“ಗುಣಕ್ಕೆ ಮತ್ಸರ ಇರಬಾರ್ದಮ್ಮ.”

“ಹೋದ ತಿಂಗ್ಳು ತಿಪಟೂರಿನವರ ಕೆಲ್ಸ ನೋಡಿ, ಇದನ್ನ ಎಮ್ಮೆ ಕೈಲಿ ಮಾಡ್ಸಿದ್ರಾ ಅಂದಿದ್ರಿ.”

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವಷ್ಟರಲ್ಲಿ ಓಣಿಯಲ್ಲಿ ಕಾರಿನ ಬಾಗಿಲು ದಡ್ಡನೆ ಹಾಕಿಕೊಂಡಿತು.

ಮಹಾಂತೇಶ ಬಂದ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಫೋನು. ಮಂಡಿಯಲ್ಲಿ ಅವನು ಕೂಗಿದರೆ ಜೋಡಿಸಿಟ್ಟ ತೆಂಗಿನಕಾಯಿ ತಾನಾಗಿ ಒಡೆದುಕೊಳ್ಳುತ್ತದೆ. ಇದರಲ್ಲಿ ನಾನು ಸೇರಿಸಿದ್ದು ಅತ್ಯಲ್ಪ.

“ಓಹೋ, ಮೂರೂ ಜನ ಒಂದೇ ಕಡೆ ಸೇರಿದ್ದೀರಿ,” ಎಂದ. “ಹಳೇಬೀಡಿನಲ್ಲಿ ಇವಳ ಮನೆಗೆ ಬೀಗ. ಬೇಲೂರು ಬಸ್ ಹತ್ತಿದಳು ಅಂದ್ರು. ಇವನು ಫೋನಲ್ಲಿ ಹಾಕಿರೋ ಚಿತ್ರ ನನ್ನ ಕಣ್ಣಿಗೂ ಬಿತ್ತು. ಮಾರಿದ ಮಾಲು ನೋಡೋಕೆ ಬಂದ್ಯೇನಮ್ಮ?”

“ಮಾರಿದ್ರೆ ಹಗಲು ಹೊತ್ತಲ್ಲಿ ಬಂದು ಜಗಳ ಆಡ್ತಿರ್ಲಿಲ್ಲ ಸ್ವಾಮಿ.”

“ಬಾಯಿಗೇನೂ ಕಡಿಮೆಯಿಲ್ಲ. ನಮ್ಮ ತಾತ ಮಠದ ಪಲ್ಲಕ್ಕಿ ಮುಂದೆ ಊದಲಿ ಅಂತ ನಿಮ್ಮಪ್ಪನ ಕೈಗೆ ಆ ವಾದ್ಯ ಕೊಟ್ರು. ನಂಬಿಕೆ ಮೇಲೆ ಕೊಟ್ರು. ನೀನು ವಾಪಸ್ ತಂದಿದ್ದು ಯಾವುದೋ ಮದುವೆ ಬ್ಯಾಂಡಿನ ಪೀಪಿ!”

“ನಾನು ವಾಪಸ್ ಕೊಟ್ಟಿದ್ದು ಅಸಲೀನೇ. ಆಮೇಲೆ ಏನಾಯ್ತು ಅಂತ ನಿಮ್ಮನೇಲಿ ಕೇಳಿ.”

“ನಮ್ಮನೇಲಿ ಕಳ್ಳರಿದ್ದಾರಾ?” ಮಹಾಂತೇಶನ ಕತ್ತಿನ ನರ ಉಬ್ಬಿತು. ಧರ್ಮೇಶನ ಕಡೆ ತಿರುಗಿದ. “ಏನಯ್ಯ, ಇದು ನಮ್ಮದೇ ಅಂತಾದ್ರೆ ಇವಳ ಜೊತೆ ನೀನೂ ಜೀಪ್ ಹತ್ತಬೇಕಾಗುತ್ತೆ. ಕದ್ದೋಳು ಇವಳು, ಕೊಂಡೋನು ನೀನು.”

“ಬಂಗ್ಲೆದು ಅಂತ ಬಾಯ್ ಬಡ್ಕೋತಾ ಇವ್ನಿ! ಬಿಕ್ಕೋಡಿಂದು!”

ಇಕ್ಕಟ್ಟು ಇಲ್ಲೇ ಇತ್ತು. ಇದು ಅಸಲಿ ಎಂದು ಸಾಬೀತಾದರೆ ಹೇಮಾಶ್ರೀಯ ಕೊರಳಿಗೇ ಉರುಳು. ಸಾಬೀತಾಗದಿದ್ದರೆ ಸಂಜೆಗೆ ದೂರು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, “ಸುಮ್ಮನೆ ಇದಲ್ಲ ಅಂದುಬಿಡಮ್ಮ. ನಾಳೆ ನಾನು ಅಸಲಿ ಕಳ್ಳನ್ನ ಹಿಡಿದು ತಂದು, ನಿನ್ನ ಕಾಲ ಹತ್ರ ಕೆಡಗ್ತೀನಿ. ಅವನ ಚಹರೆ ಆಗಲೇ ನನಗೆ ಗೊತ್ತಾಗಿದೆ. ಗುಬ್ಬಿ ಕಡೆಯೋನು. ಎಡಚ. ಒಂದು ಕಾಲು ಎಳೀತಾನೆ,” ಎಂದೆ.

“ಪ್ಯಾಡು ನೋಡಿ ಕಾಲು ಎಳೆಯೋದು ಹೆಂಗ್ ಗೊತ್ತಾಯ್ತು ಭೀಮಣ್ಣ?”

“ನನ್ನ ಮಟ್ಟದ ಪತ್ತೇದಾರರಿಗೆ ಗೊತ್ತಾಗುತ್ತೆ.”

ಅವಳು ಸೆರಗಿನ ಗಂಟಿನಿಂದ ತನ್ನ ಸ್ವಂತ ಮೌತ್‌ಪೀಸ್ ತೆಗೆದಳು, ಅದರ ಬೆತ್ತದ ಸೀಳನ್ನು, ಅಂದರೆ ರೀಡನ್ನು, ನಾಲಿಗೆಯ ಮೇಲಿಟ್ಟು ನೆನೆಸಿದಳು, ಕ್ಲಾರಿಯೋನೆಟ್ಟಿಗೆ ಕೂರಿಸಿದಳು. ಧರ್ಮೇಶ ಕೊಕ್ಕೆ ಎತ್ತಿದ. ಮಹಾಂತೇಶ, “ಊದಲಿ ಬಿಡು, ಊದಿ ಏನು ತೋರಿಸ್ತಾಳೋ ನೋಡೋಣ,” ಎಂದು ತಡೆದ.

ಊದಿದಳು. ಕೆಳಗಿನ ಸ್ವರದಿಂದ ಮೇಲಕ್ಕೆ ಒಂದೇ ಎಳೆತ, ಎಣ್ಣೆ ಸುರಿದ ಹಾಗೆ. ಓಣಿಯಲ್ಲಿ ಹೋಗುತ್ತಿದ್ದ ಗೈಡ್ ಒಬ್ಬ ನಿಂತು ಒಳಗೆ ಇಣುಕಿದ. ಅವಳು ತಟ್ಟನೆ ನಿಲ್ಲಿಸಿದಳು. ಅದೇ ಎಳೆತವನ್ನು ಇನ್ನೊಮ್ಮೆ ಊದಿದಳು. ಮತ್ತೆ ನಿಲ್ಲಿಸಿದಳು.

“ಧರ್ಮೇಶಪ್ಪ,” ಎಂದಳು, ಈಗ ಬಹಳ ಮೆತ್ತಗೆ. “ಬಂಗ್ಲೆ ದೊರೆಗಳು ತೋಡಿ ನುಡಿಸ್ತಿದ್ರಾ?”

“ಏನು?”

“ಇದ್ರಲ್ಲಿ ಗಮಕ ಬತ್ತಾ ಐತೆ.”

ಮಹಾಂತೇಶನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬಿಳಿಯರು ಈ ವಾದ್ಯ ಮಾಡಿದ್ದು ತಮ್ಮ ಸಂಗೀತಕ್ಕೆ. ಅವರದರಲ್ಲಿ ಸ್ವರ ಮೆಟ್ಟಿಲು ಹತ್ತಿದಂತೆ ಒಂದೊಂದೇ ಹೆಜ್ಜೆ. ನಮ್ಮದರಲ್ಲಿ ಸ್ವರದಿಂದ ಸ್ವರಕ್ಕೆ ಜಾರಬೇಕು, ಅದೇ ಗಮಕ. ಅದಕ್ಕೇ ನಮ್ಮವರು ಒಂದೆರಡು ಸಣ್ಣ ತೂತುಗಳಿಗೆ ಜೇನುಮೇಣ ಮೆತ್ತಿಸುತ್ತಾರೆ. ಯಾವ ತೂತು, ಎಷ್ಟು ಮೇಣ ಎಂಬುದು ನುಡಿಸುವವನ ಬೆರಳಿಗೆ, ಉಸಿರಿಗೆ ಬಿಟ್ಟದ್ದು.

“ಮಿಕ್ಕೋರು ತೂತನ್ನ ಪೂರ್ತಿ ಮುಚ್ಚಿಸ್ತಾರೆ. ನಮ್ಮಪ್ಪ ಮಾತ್ರ ಅರ್ಧ ಮುಚ್ಚಿಸ್ತಿದ್ರು. ಮೇಲುಗಡೆ ಅರ್ಧ, ಅಷ್ಟಮಿ ಚಂದ್ರನ ಥರ. ಈ ಮುಚ್ಚಳದ ಕೆಳಗೆ.” ಅವಳ ಬೆರಳು ವಾದ್ಯದ ಕತ್ತಿನ ಹತ್ತಿರದ ಒಂದು ಮುಚ್ಚಳದ ಮೇಲೆ ನಿಂತಿತು. “ಭೀಮಣ್ಣ, ಇದನ್ನ ಬಿಚ್ಚಿ.”

“ಬೇಡಮ್ಮಾ,” ಎಂದು ಅವಳ ಕೈಯನ್ನೇ ಹಿಡಿದುಕೊಂಡೆ. “ಇಷ್ಟು ಚೆಂದ ಕೂತಿರೋ ಪ್ಯಾಡು, ಒಂದು ಸಲ ಕದಲಿದ್ರೆ ಮತ್ತೆ ಬ್ರಹ್ಮ ಬಂದ್ರೂ ಕೂರಲ್ಲ. ಪಾಪ ಬತ್ತದೆ.”

“ಬಿಚ್ಚಯ್ಯ!” ಮಹಾಂತೇಶ ಗದರಿದ.

“ಮುಟ್ಟಿದ್ರೆ ಕೈ ಮುರೀತೀನಿ!” ಧರ್ಮೇಶ ಅದಕ್ಕಿಂತ ಜೋರಾಗಿ ಗದರಿದ.

ಹೇಮಾಶ್ರೀ ಯಾರ ಮಾತಿಗೂ ಕಾಯಲಿಲ್ಲ. ನನ್ನ ಚೀಲಕ್ಕೇ ಕೈ ಹಾಕಿ, ನನ್ನದೇ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಮುಚ್ಚಳದ ಸ್ಕ್ರೂ ತಿರುಗಿಸಿದಳು. ಮುಚ್ಚಳ ಅಂಗೈಗೆ ಬಿತ್ತು. ಮೂವರೂ ಬಗ್ಗಿದರು. ನಾನು ಬಗ್ಗಲಿಲ್ಲ.

ತೂತಿನ ಮೇಲರ್ಧದಲ್ಲಿ ಅಷ್ಟಮಿಯ ಚಂದ್ರ ಮೂಡಿತ್ತು. ಹೊಸ ಮೇಣ. ಹಳದಿ. ಇನ್ನೂ ಜೇನಿನ ವಾಸನೆ ಹೋಗಿರಲಿಲ್ಲ.

ಧರ್ಮೇಶನ ಕೊಕ್ಕೆ ತಾನಾಗಿ ಕೆಳಗಿಳಿಯಿತು.

ನಾನು ಅವನ ಮೇಲೆ ಹಾರಿದೆ. “ಸಿಕ್ಕಿಬಿದ್ದೆಯಾ! ಬಂಗ್ಲೆ ಅಂದೆ, ದೊರೆ ಅಂದೆ! ಈ ಭೀಮರಾಜನ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ನೋಡ್ಕೊಳ್ಳಿ ಮಹಾಂತೇಶಪ್ನೋರೆ, ನಿಮ್ಮ ತಾತನ ಸ್ವತ್ತು, ನಾನು ಪತ್ತೆ ಮಾಡಿದ್ದು!”

“ಹೌದು, ನಮ್ಮದೇ,” ಎಂದ ಮಹಾಂತೇಶ ಹಲ್ಲು ಕಚ್ಚಿ. “ಸಾಕ್ಷಿ ಇವಳ ಬಾಯಿಂದಲೇ ಬಂತು. ನಡಿಯಮ್ಮ ಸ್ಟೇಷನ್ನಿಗೆ.”

“ಬತ್ತೀನಿ. ಒಂದು ಮಾತು ಕೇಳಿ ಬತ್ತೀನಿ.” ಹೇಮಾಶ್ರೀ ಬಿಚ್ಚಿದ ಮುಚ್ಚಳವನ್ನು ಮಹಾಂತೇಶನ ಮುಂದೆ ಹಿಡಿದಳು. “ನಾನು ನಿಮಗೆ ವಾಪಸ್ ಕೊಟ್ಟಾಗ ಇದ್ರಲ್ಲಿ ಹಳೇ ಪ್ಯಾಡಿತ್ತು, ಹಳೇ ಮೇಣ ಇತ್ತು, ಕರ್ರಗೆ. ಆಮೇಲೆ ಯಾರೋ ಪೂರ್ತಿ ಬಿಚ್ಚಿ, ತೊಳೆದು, ಹೊಸ ಪ್ಯಾಡು ಹಾಕವ್ರೆ. ಗುರುತು ಅಳಿಸೋಕೇ ಮಾಡಿದ್ದು. ಹಳೇ ಮೇಣಾನೂ ಕೆರೆದವ್ರೆ. ಗೊತ್ತಿಲ್ದೋನಾಗಿದ್ರೆ ತೂತನ್ನ ಖಾಲಿ ಬಿಡ್ತಿದ್ದ. ಇವನು ಬಿಡ್ಲಿಲ್ಲ. ನಮ್ಮಪ್ಪನ ಅಳತೆಗೇ ಮತ್ತೆ ಮೆತ್ತಿಟ್ಟವ್ನೆ.”

“ಅದಕ್ಕೆ?”

“ಅಷ್ಟು ವರ್ಷ ಮೆತ್ತಿ ಮೆತ್ತಿ ಕೈಗೆ ಅಭ್ಯಾಸ ಆಗಿರೋನೇ ಇದನ್ನ ಮಾಡಿರೋದು. ಅವನಿಗೆ ಈ ವಾದ್ಯ ತಂದ್ಕೊಟ್ಟೋರು ಯಾರು ಅಂತ ಅವನು ಒಂದು ಮಾತು ಹೇಳಿದ್ರೆ ಸಾಕು, ನಾನು ಕಳ್ಳಿ ಅಲ್ಲ ಅಂತ ಆಗುತ್ತೆ.” ಅವಳು ನನ್ನ ಕಡೆ ತಿರುಗಿದಳು. “ನಮ್ಮಪ್ಪ ಇದನ್ನ ಯಾರ ಕೈಗೆ ಕೊಡ್ತಿದ್ರು ಭೀಮಣ್ಣ?”

ಅಂಗಡಿಯ ಗಡಿಯಾರಗಳೆಲ್ಲ ಒಮ್ಮೆಗೇ ನಿಂತವು ಎಂದು ಬರೆಯಲು ಕೈ ತುಡಿಯುತ್ತದೆ. ಅವು ಮೊದಲೇ ನಿಂತಿದ್ದವು.

“ನಿಮ್ಮೊಬ್ರ ಕೈಗೆ,” ಅವಳೇ ಹೇಳಿದಳು. “ಇನ್ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ.”

ಮಹಾಂತೇಶ ನಿಧಾನವಾಗಿ ನನ್ನ ಕಡೆ ತಿರುಗಿದ. ಧರ್ಮೇಶನ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು. “ಬಂಗಾರದ ಕಡಗ ತರ್ಸಾನಾ ಭೀಮಪ್ಪ?” ಎಂದ.

ನಾನು ಸೋಲುವವನಲ್ಲ. ಕಣ್ಣು ಮಿಟುಕಿಸುವುದರೊಳಗೆ ನನ್ನ ತಲೆಯಲ್ಲಿ ಹೊಸ ಕಥೆ ಸಿದ್ಧವಾಯಿತು. ಎದೆಯುಬ್ಬಿಸಿ, “ಶಭಾಷ್ ಹೇಮಾ! ಗೆದ್ದೆ!” ಎಂದೆ. “ನಿನಗೆ ಗುರುತು ಸಿಗ್ಲಿ ಅಂತಲೇ ಮೆತ್ತಿದ್ದು ನಾನು! ಶತ್ರುಗಳ ಕೋಟೆಯೊಳಗಿಂದ ಕಳಿಸಿದ ಗುಪ್ತ ಸಂದೇಶ ಅದು! ಪ್ರಾಣ ಒತ್ತೆಯಿಟ್ಟು—”

“ಗುರುತು ಸಿಗ್ಲಿ ಅಂತ ಮೆತ್ತಿದ್ರೆ,” ಹೇಮಾಶ್ರೀ ಕೇಳಿದಳು, “ಈಗ ಬಿಚ್ಚಬೇಡ ಅಂತ ನನ್ನ ಕೈ ಯಾಕೆ ಹಿಡ್ಕೊಂಡ್ರಿ?”

ನಾನು ನನ್ನ ಸ್ಕ್ರೂಡ್ರೈವರನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

“ನಮ್ಮಪ್ಪ ಆಸ್ಪತ್ರೇಲಿ ಇದ್ದಾಗ್ಲೂ ಇದನ್ನ ಭೀಮನ ಹತ್ರ ತೋರ್ಸು ಅಂದ್ರು. ಬುರುಡೆ ಬಿಡ್ತಾನೆ, ಆದ್ರೆ ವಾದ್ಯಕ್ಕೆ ಮೋಸ ಮಾಡಲ್ಲ ಅಂದ್ರು.” ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದದ್ದು ಬರೀ ಉರಿ. “ಬೆಳಿಗ್ಗೆಯಿಂದ ನನ್ನನ್ನ ಕಣಕಟ್ಟೆ ಗಂಡಸಿ ಅಂತ ಸುತ್ತಿಸೋಕೆ ನೋಡಿದ್ರಿ. ಇಲ್ಲಿ ಇದಲ್ಲ ಅನ್ನು ಅಂದ್ರಿ. ನಾನು ಜೈಲಿಗೆ ಹೋಗಿದ್ರೂ ಸುಮ್ಮನಿರ್ತಿದ್ರಾ?”

ಉತ್ತರ ಹೇಳಿದೆ. ಇನ್ನು ಮುಂದಿನದರಲ್ಲಿ ನಾನು ಏನನ್ನೂ ಸೇರಿಸಿಲ್ಲ.

“ಕೈ ತಾನಾಗಿ ಮೆತ್ತಿತಮ್ಮ. ಮೆತ್ತಿದ್ದು ಆಮೇಲೆ ಗೊತ್ತಾಯ್ತು. ತೆಗೀಬೇಕು ಅಂದ್ಕೊಂಡೆ, ಮುಚ್ಚಳದ ಕೆಳಗೆ ಯಾರು ನೋಡ್ತಾರೆ ಅಂತ ಬಿಟ್ಟೆ.”

“ತಂದ್ಕೊಟ್ಟೋರು ಯಾರು?”

ಮಹಾಂತೇಶನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಗಾಜಿನ ಪೆಟ್ಟಿಗೆ ನೋಡಿಕೊಂಡು ಹೇಳಿದೆ. “ಇವರ ತಾಯಿ. ಕಮಲಾಕ್ಷಮ್ಮನೋರು.”

ಮರುಕ್ಷಣ ನನ್ನ ಕಾಲರ್ ಮಹಾಂತೇಶನ ಮುಷ್ಟಿಯಲ್ಲಿತ್ತು. “ಯಾರ ಹೆಸರು ಎತ್ತಿದೆ? ಇನ್ನೊಂದ್ಸಲ ಹೇಳು!”

“ಅಸಲಿ ತಂದ್ರು. ಇದೇ ಥರ ಕಾಣೋ ಇನ್ನೊಂದು ಬೇಕು ಅಂದ್ರು. ಮಠಕ್ಕೆ ಅದು ಹೋಗಲಿ, ಇದು ನನ್ನ ಬೀರುವಿನಲ್ಲಿರಲಿ, ಮಗನಿಗೆ ತಿಳೀಬಾರದು ಅಂದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ನಿಮ್ಮನೇಲಿ ಸಿಕ್ಕಿದ ನಕಲೀನೂ ನಾನೇ ಮಾಡಿದ್ದು. ಅಗ್ಗದ ಕ್ಲಾರಿಯೋನೆಟ್ಟಿಗೆ ಹೊಗೆ ಹಿಡಿಸಿ, ಗುರುತು ಉಜ್ಜಿ, ಹಳೇ ಪ್ಯಾಡುಗಳನ್ನ ಅದಕ್ಕೆ ಹಾಕಿದೆ. ಇದಕ್ಕೆ ಹೊಸಾವು.”

“ಯಾಕ್ ಮಾಡಿದ್ರಿ?” ಕೇಳಿದವಳು ಹೇಮಾಶ್ರೀ.

“ಈ ಕೆಲ್ಸ ಮಾಡೋ ಕೈ ಇನ್ನೊಂದಿಲ್ಲ ಭೀಮರಾಜು ಅಂದ್ರಮ್ಮ. ಅಷ್ಟು ದೊಡ್ಡ ಮನೆಯೋರು ನನ್ನ ಸ್ಟೂಲ್ ಮೇಲೆ ಕೂತು ಹಂಗಂದ್ರು. ನಾನು ಉಬ್ಬಿಹೋದೆ. ನಿನ್ನ ಮೇಲೆ ಬತ್ತದೆ ಅಂತ ಯೋಚ್ನೆ ಮಾಡ್ಲಿಲ್ಲ. ಬಂದ ಮೇಲೆ, ಹೇಳೋಕೆ ಬಾಯಿ ಬರ್ಲಿಲ್ಲ. ಬೀರುವಿನಲ್ಲಿರೋದು ಇಲ್ಲಿಗೆ ಹೆಂಗ್ ಬಂತೋ, ದೇವರಾಣೆ, ನನಗೆ ಗೊತ್ತಿಲ್ಲ.”

ಮಹಾಂತೇಶ ಕಾಲರ್ ಬಿಟ್ಟ. ಬಿಟ್ಟ ಕೈಯಲ್ಲೇ ಫೋನು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಗಾಜಿನ ಮೇಲಿಟ್ಟ.

“ಏನಪ್ಪಾ? ಊಟಕ್ಕೆ ಬರ್ತೀಯಾ ಇಲ್ವಾ?” ಕಮಲಾಕ್ಷಮ್ಮನವರ ಧ್ವನಿ.

“ಅಮ್ಮಾ, ಸ್ಟೇಷನ್ ಹಿಂದಿನ ರಿಪೇರಿ ಭೀಮರಾಜನ ಅಂಗಡಿಗೆ ಯಾವತ್ತಾದ್ರೂ ಹೋಗಿದ್ಯಾ?”

ಒಂದು ಗಳಿಗೆ ಫೋನಿನಲ್ಲಿ ಮಿಕ್ಸಿಯ ಸದ್ದು ಮಾತ್ರ ಕೇಳಿತು. ಅದೂ ನಿಂತಿತು.

“ಯಾವ ಭೀಮರಾಜ? ಆ ಗಲ್ಲಿಗೆ ನಾನ್ಯಾಕಪ್ಪ ಹೋಗ್ಲಿ? ಅವನ ಮುಖಾನೇ ನೋಡಿಲ್ಲ.”

ಫೋನು ಕಟ್ಟಾಯಿತು. ಆ ಧ್ವನಿ ಕೇಳಿದ್ದೇ, ಗುರುತು ಹಿಡಿದವನಂತೆ, ಧರ್ಮೇಶ ಬಾಗಿಲ ಕಡೆ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಅದನ್ನು ನೋಡಿದವನು ನಾನೊಬ್ಬನೇ. ನೋಡಿದೆನೆಂದು ಹೇಳಿದರೆ ನಂಬುವವರು ಯಾರು?

“ಕೇಳಿಸ್ತಾ?” ಎಂದ ಮಹಾಂತೇಶ. ಅವನು ಈಗ ಕೂಗುತ್ತಿರಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. “ಯಾವಾಗ ತಂದ್ರು ಹೇಳು?”

“ದಸರಾ ಮುಗಿದ ವಾರ.”

“ಆ ವಾರ ನೀನು ಊರಲ್ಲೇ ಇರಲಿಲ್ಲ. ಮೈಸೂರು ಅರಮನೆಯ ಬ್ಯಾಂಡ್ ವಾದ್ಯ ರಿಪೇರಿಗೆ ನಿನಗೆ ಕಾರು ಕಳಿಸಿದ್ರು ಅಂತ ನನ್ನ ಮಂಡಿಗೇ ಬಂದು ಹೇಳಿದೆ. ಹಮಾಲರನ್ನ ಸುತ್ತ ಕೂರಿಸ್ಕೊಂಡು, ಕಾರಿನ ಸೀಟು ಹೆಂಗಿತ್ತು ಅಂತಾನೂ ಹೇಳಿದೆ. ನಿನ್ನ ಗಲ್ಲಿಯೋರೆಲ್ಲ, ಹೌದು ಸ್ವಾಮಿ, ವಾರವಿಡೀ ಅಂಗಡಿ ಮುಚ್ಚಿತ್ತು ಅಂತಾರೆ. ಪೊಲೀಸ್ರ ಹತ್ರಾನೂ ಅದನ್ನೇ ಹೇಳ್ತಾರೆ.”

ಹೇಮಾಶ್ರೀ ನನ್ನ ತೋಳು ಹಿಡಿದಳು. ಬೆಳಿಗ್ಗೆಯಿಂದ ಅವಳು ಬೇಡುವ ದನಿಯಲ್ಲಿ ಮಾತಾಡಿರಲಿಲ್ಲ. ಈಗ ಬೇಡಿದಳು. “ಭೀಮಣ್ಣ, ಇದೊಂದು ಸಲ. ನಿಜ ಹೇಳಿ. ಮೈಸೂರಿಗೆ ಹೋಗಿದ್ರಾ?”

“ಇಲ್ಲಮ್ಮ. ಯಾರೂ ಕಾರು ಕಳಿಸ್ಲಿಲ್ಲ. ಅರಮನೇನ ನಾನು ಟಿಕೆಟ್ ತಗೊಂಡು ಆಚೆಯಿಂದ ನೋಡಿರೋದೇ ಒಂದ್ಸಲ. ಆ ವಾರ ಪೂರ್ತಿ ಮುಂದಿನ ಬಾಗಿಲಿಗೆ ಬೀಗ ಹಾಕ್ಕೊಂಡು, ಒಳಗೆ ಕೂತು, ಈ ಪ್ಯಾಡು ಕೂರಿಸ್ತಿದ್ದೆ. ಕಮಲಾಕ್ಷಮ್ಮನೋರು ಬಂದಿದ್ದು ಹಿತ್ಲಬಾಗಿಲಿಂದ.”

“ನೋಡಿದೋರು ಯಾರಾದ್ರೂ ಇದಾರಾ?”

“ಯಾರೂ ಇಲ್ಲ,” ಎಂದೆ. “ಯಾರೂ ನೋಡಬಾರ್ದು ಅಂತ ಅವರು ಹೇಳಿದ್ರು. ಅದಕ್ಕೇ ಮೈಸೂರಿನ ಕಥೆ ಕಟ್ಟಿ ಊರನ್ನೆಲ್ಲ ನಂಬಿಸಿದ್ದು ನಾನು.”